ಜೇಡನಿಗೆ ಎಂಟು ಕಾಲು, ನುಸಿಗೆ ಎಷ್ಟು?

(ಸಿರುಗುಪ್ಪ ಕಡೆಯ ಒಂದು ಮನೆತನದ ವಾಟ್ಸಾಪ್ ಗುಂಪು. ಬಸಣ್ಣ ದೊಡ್ಡಪ್ಪ ಒಂದು ಚಿತ್ರ ಹಾಕಿದ್ದಾರೆ: "ನಮ್ಮ ಸುತ್ತಲಿನ ಹತ್ತು ಕೀಟಗಳು". ಕೆಳಗೆ ಸಣ್ಣಕ್ಷರದಲ್ಲಿ: "ಬೆಳೆಯಲ್ಲಿ ಕಂಡರೆ ತಕ್ಷಣ ಕೀಟನಾಶಕ ಸಿಂಪಡಿಸಿ".)

ಬಸಣ್ಣ ದೊಡ್ಡಪ್ಪ: ಮಕ್ಕಳೆಲ್ಲ ಓದಿಕೊಳ್ಳಿ. ಹೊಲ ಇದ್ದವರೂ ಓದಿ.

ಸುಮಾ: ದೊಡ್ಡಪ್ಪ, ಚಿತ್ರ ಚೆನ್ನಾಗಿದೆ. ಆದ್ರೆ ಹತ್ತರಲ್ಲಿ ನಾಲ್ಕು ಕೀಟಗಳೇ ಅಲ್ಲ. ಜೇಡ, ಚೇಳು, ಜರಿ, ಉಣ್ಣಿ. ದಯವಿಟ್ಟು ತೆಗೆದುಬಿಡಿ, ಪುಟ್ಟ ಇದನ್ನೇ ಪರೀಕ್ಷೆಯಲ್ಲಿ ಬರೆದಾನು.

ಬಸಣ್ಣ ದೊಡ್ಡಪ್ಪ: ಎಷ್ಟೋ ಗುಂಪುಗಳಲ್ಲಿ ಬಂದಿದೆ. ಅವರೆಲ್ಲ ದಡ್ಡರಾ? ತೆಗೆಯಲ್ಲ.

ಸುಮಾ: ಎಷ್ಟು ಜನ ಕಳಿಸಿದರೂ ಜೇಡನ ಎಂಟು ಕಾಲು ಆರಾಗಲ್ಲ. ಕೀಟದ ಮೈಗೆ ಮೂರು ಭಾಗ: ತಲೆ, ಎದೆ, ಹೊಟ್ಟೆ. ಮೂರು ಜೊತೆ ಕಾಲು ಎದೆಗೆ ಅಂಟಿರುತ್ತವೆ. ರೆಕ್ಕೆ ಇದ್ದರೆ ಅದೂ ಎದೆಗೇ. ತಲೆಗೆ ಒಂದು ಜೊತೆ ಮೀಸೆ, ಅದೇ ಆಂಟೆನಾ. ಜೇಡನಿಗೆ ತಲೆ, ಎದೆ ಕೂಡಿ ಒಂದೇ ಆಗಿರುತ್ತೆ, ಮೀಸೆಯೂ ಇಲ್ಲ.

ಮಂಜುನಾಥ: ಕೃಷಿ ವಿಶ್ವವಿದ್ಯಾಲಯದ ಮೇಡಂ ಪಾಠ ಶುರು ಮಾಡಿದರು. ಎಲ್ಲರೂ ಕೂತ್ಕೊಳ್ಳಿ.

ಬಸಣ್ಣ ದೊಡ್ಡಪ್ಪ: ಹಾಗಾದರೆ ಕಂಬಳಿಹುಳು? ಹೊಟ್ಟೆ ಉದ್ದಕ್ಕೂ ಕಾಲು ಇರುತ್ತವಲ್ಲ. ನಿನ್ನ ಆರು ಕಾಲಿನ ಲೆಕ್ಕ ಅಲ್ಲೇ ಬಿತ್ತು.

ಸುಮಾ: ಬೀಳಲಿಲ್ಲ. ಮುಂದಿನ ಮೂರು ಜೊತೆ ಮಾತ್ರ ನಿಜವಾದ ಕಾಲು, ಅವಕ್ಕೆ ಗೆಣ್ಣು ಇರುತ್ತೆ. ಹಿಂದಿನವು ಬರೀ ಮೆತ್ತನೆ ಮಾಂಸದ ಮೊಳಕೆ, ಎಲೆ ಹಿಡಿದುಕೊಳ್ಳಲು ತುದಿಗೆ ಸಣ್ಣ ಕೊಕ್ಕೆ. ಪತಂಗ ಆದಾಗ ಅವು ಇರೋದೇ ಇಲ್ಲ. ತೊಗರಿಯ ಕಾಯಿಕೊರಕ ಸಿಕ್ಕರೆ ಮಗುಚಿ ನೋಡಿ, ಹಿಂದೆ ಐದು ಜೊತೆ ಕಾಣುತ್ತೆ.

ರೇಣುಕಾ ಅತ್ತೆ: ರೇಷ್ಮೆಹುಳಕ್ಕೂ ಹೀಗೇ ಇರುತ್ತೆ. ನಮ್ಮ ತಂಗಿ ಮನೆಯಲ್ಲಿ ಸಾಕ್ತಾರೆ. ನಾಲ್ಕು ಜ್ವರ ಮುಗಿಸಿ, ಹಣ್ಣಾಗಿ, ಆಮೇಲೆ ಗೂಡು ಕಟ್ಟುತ್ತೆ.

ಸುಮಾ: ಅತ್ತೆ ಹೇಳಿದ ಜ್ವರ ಅಂದ್ರೆ ಹುಳು ಪೊರೆ ಬಿಡುವುದು. ನಾಲ್ಕು ಸಲ ಪೊರೆ ಬಿಟ್ಟರೆ ಬೆಳವಣಿಗೆಗೆ ಐದು ಹಂತ ಆಯ್ತು. ಒಂದೊಂದು ಹಂತಕ್ಕೂ ಇನ್‌ಸ್ಟಾರ್ ಅಂತಾರೆ. ಇದು ಪರೀಕ್ಷೆಗೆ ಮಾತ್ರ ಅಲ್ಲ ದೊಡ್ಡಪ್ಪ. ಕಾಯಿಕೊರಕ ಮೊದಲ ಒಂದೆರಡು ಹಂತದಲ್ಲಿದ್ದರೆ ಔಷಧಿ ತಗಲುತ್ತೆ. ದೊಡ್ಡದಾಗಿ ಕಾಯಿಯೊಳಗೆ ಹೊಕ್ಕ ಮೇಲೆ ಹೊಡೆದರೆ ದುಡ್ಡು ದಂಡ.

ಶರಣಪ್ಪ ಚಿಕ್ಕಪ್ಪ: ಮಿಡತೆ ಗೂಡು ಕಟ್ಟಲ್ಲವಲ್ಲಮ್ಮ?

ಸುಮಾ: ಕಟ್ಟಲ್ಲ ಚಿಕ್ಕಪ್ಪ, ಅದಕ್ಕೆ ಕೋಶದ ಹಂತವೇ ಇಲ್ಲ. ಮೊಟ್ಟೆಯಿಂದ ಬಂದ ಮರಿ ತಾಯಿಯ ಹಾಗೇ ಇರುತ್ತೆ, ರೆಕ್ಕೆ ಮಾತ್ರ ಇರಲ್ಲ. ಪುಸ್ತಕದಲ್ಲಿ ಇದಕ್ಕೆ ಅಪ್ಸರೆ ಅಂತ ಬರೆದಿರುತ್ತಾರೆ, ನಗಬೇಡಿ. ಭತ್ತದ ಕಂದು ಜಿಗಿಹುಳು ಕೂಡ ಹಾಗೇ. ಮರಿಯೂ ದೊಡ್ಡದೂ ಬುಡದಲ್ಲೇ ಕೂತು ರಸ ಹೀರುತ್ತವೆ. ಕಾಯಿಕೊರಕದ ಹುಳು ಕಾಯಿ ತಿನ್ನುತ್ತೆ, ಅದೇ ಪತಂಗ ಆದ ಮೇಲೆ ಮಕರಂದ ಕುಡಿಯುತ್ತೆ.

ಬಸಣ್ಣ ದೊಡ್ಡಪ್ಪ: ಹೊಲದಲ್ಲಿ ಕಾಲು ಎಣಿಸುತ್ತಾ ಕೂತರೆ ಬೆಳೆ ಉಳಿಯುತ್ತಾ? ಆರಿರಲಿ, ಎಂಟಿರಲಿ, ಔಷಧಿ ಬಿದ್ದರೆ ಸಾಯಬೇಕು ಅಷ್ಟೇ.

ಸುಮಾ: ನನ್ನ ತಕರಾರು ಅದೇ. ಜೇಡ ತಪ್ಪಿದ್ದರೆ ಪುಟ್ಟನಿಗೆ ಒಂದು ಮಾರ್ಕು ಹೋಗುತ್ತೆ. ಕೆಳಗಿನ ಸಾಲು ನಂಬಿದರೆ ನಿಮ್ಮ ಮೆಣಸಿನಕಾಯಿ ಹೋಗುತ್ತೆ. ಎಲೆ ಮುದುಡಿಸೋದು ಎರಡು ಇವೆ. ಥ್ರಿಪ್ಸ್‌ಗೆ ಆರು ಕಾಲು, ಅದು ಕೀಟ. ಮೈಟ್‌ಗೆ ಎಂಟು, ಅದು ಜೇಡ, ಉಣ್ಣಿಗಳ ಬಳಗ. ನೀವು ಎರಡಕ್ಕೂ ನುಸಿ ಅಂತೀರಿ. ಕೀಟಕ್ಕೆಂದು ಮಾಡಿದ ಎಷ್ಟೋ ಔಷಧಿ ಮೈಟ್‌ಗೆ ನಾಟಲ್ಲ. ಪೈರೆಥ್ರಾಯ್ಡ್ ಜಾತಿಯದ್ದು ಹೊಡೆದರಂತೂ ಮೈಟ್ ತಿನ್ನುವ ಜೀವಿಗಳು ಸತ್ತು ಮೈಟ್ ಇನ್ನೂ ಜಾಸ್ತಿ ಆಗುತ್ತೆ.

ಶರಣಪ್ಪ ಚಿಕ್ಕಪ್ಪ: 2021ರಲ್ಲಿ ಹೂವಿನೊಳಗೆ ಕಪ್ಪಗೆ ತುಂಬಿಕೊಂಡಿತ್ತಲ್ಲ, ಅದು ಯಾವುದು? ಆ ಸಲ ಬ್ಯಾಡಗಿಗೆ ಒಯ್ಯಲು ಕಾಯಿಯೇ ಇರಲಿಲ್ಲ.

ಸುಮಾ: ಅದೂ ಥ್ರಿಪ್ಸೇ, ಆದ್ರೆ ಹೊರಗಿನಿಂದ ಬಂದ ಬೇರೆ ಜಾತಿ. ಥ್ರಿಪ್ಸ್ ಪಾರ್ವಿಸ್ಪೈನಸ್. ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು 2015ರಲ್ಲಿ, ಬೆಂಗಳೂರಿನಲ್ಲಿ, ಪಪ್ಪಾಯಿ ಗಿಡದ ಮೇಲೆ.

ಮಂಜುನಾಥ: ಈಗಷ್ಟೇ ಹುಡುಕಿದೆ. ಮೊಟ್ಟೆಯಿಂದ ಹೊರಬಂದ ಮೈಟ್ ಮರಿಗೆ ಆರೇ ಕಾಲಂತೆ! ಈಗೇನು ಹೇಳ್ತೀಯಾ ತಂಗಿ?

ಬಸಣ್ಣ ದೊಡ್ಡಪ್ಪ: ಭಲೇ ಮಂಜು.

ಸುಮಾ: ನಿಜ ಅಣ್ಣ, ಪೊರೆ ಬಿಟ್ಟ ಮೇಲೆ ಎಂಟಾಗುತ್ತವೆ. ಅದಕ್ಕೇ ಬರೀ ಕಾಲು ನಂಬಿ ತೀರ್ಮಾನ ಮಾಡಲ್ಲ. ಆ ಮರಿಗೂ ಮೀಸೆ ಇಲ್ಲ, ಮೈ ಮೂರು ಭಾಗವಾಗಿಲ್ಲ. ಭಲೇ ಅನ್ನಿಸಿಕೊಂಡಿದ್ದು ಸುಮ್ನೆ ಆಯ್ತು.

ಬಸಣ್ಣ ದೊಡ್ಡಪ್ಪ: ಕಣ್ಣಿಗೇ ಕಾಣದ ಹುಳದ ಮೀಸೆ ನಾನೆಲ್ಲಿ ಹುಡುಕಲಿ?

ಸುಮಾ: ನೀವು ಎಲೆ ನೋಡಿ ಸಾಕು. ಅಂಚು ಮೇಲಕ್ಕೆ ಮಡಚಿ ದೋಣಿ ಥರ ಆಗಿದ್ದರೆ ಥ್ರಿಪ್ಸ್. ಕೆಳಕ್ಕೆ ಮಡಚಿ, ತೊಟ್ಟು ಉದ್ದ ಆಗಿದ್ದರೆ ಮೈಟ್.

ಬಸಣ್ಣ ದೊಡ್ಡಪ್ಪ: (ಫೋಟೋ: ಅಂಗೈ ಮೇಲೆ ಮೂರು ಎಲೆ) ಈಗ ಹೊಲದಲ್ಲೇ ಇದ್ದೇನೆ. ಒಂದೇ ಗಿಡದ್ದು.

ಸುಮಾ: ಎರಡು ಮೇಲಕ್ಕೆ, ಒಂದು ಕೆಳಕ್ಕೆ. ಎರಡೂ ಇರೋ ಹಾಗಿದೆ, ಹಾಗೆ ಆಗೋದೂ ಉಂಟು. ಅಂಗಡಿಗೆ ಹೋಗಿ ಬರೀ ನುಸಿ ಔಷಧಿ ಅಂತ ಕೇಳಬೇಡಿ. ಕೊಂಬೆ ಸಮೇತ ಹಗರಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಭೂತಗನ್ನಡಿಯಲ್ಲಿ ನೋಡಿ ಹೇಳ್ತಾರೆ.

ಬಸಣ್ಣ ದೊಡ್ಡಪ್ಪ: ಅಂಗಡಿಯವನು ಎರಡು ಬಾಟಲಿ ಬೆರೆಸಿ ಹೊಡೆಯಿರಿ ಅಂತಾನೆ.

ಸುಮಾ: ಅವನು ಎರಡು ಬಾಟಲಿ ಮಾರಬೇಕಲ್ಲ. ಕೇಂದ್ರದವರನ್ನು ಕೇಳದೆ ಏನನ್ನೂ ಬೆರೆಸಬೇಡಿ.

ಶರಣಪ್ಪ ಚಿಕ್ಕಪ್ಪ: ಅಣ್ಣ, ಹಗರಿಗೆ ಹೋಗೋದಾದರೆ ನನ್ನ ಹೊಲದ್ದೂ ಎರಡು ಕೊಂಬೆ ಕೊಡ್ತೀನಿ, ತೋರಿಸಿಕೊಂಡು ಬಾ.

ಬಸಣ್ಣ ದೊಡ್ಡಪ್ಪ: ಬೇರೆ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ ಕೊಡು. ನಿನ್ನ ಹೊಲದ ಹುಳ ನನ್ನ ಲೆಕ್ಕಕ್ಕೆ ಬರೋದು ಬೇಡ.