ಹಳೇ ಚಂದಮಾಮದ ಮುಖಪುಟ ಬಿಟ್ಟುಕೊಂಡಿದೆ, ಏನು ಮಾಡಲಿ?

ಧಾರವಾಡದ ಓದುಗ: ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಕನ್ನಡ ಚಂದಮಾಮದ ಒಂದು ಕಟ್ಟು ಸಿಕ್ತು. ಕಲಾವಿದ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳು, ಬಣ್ಣ ಇನ್ನೂ ಝಗಮಗ ಅಂತಿದೆ. ಆದ್ರೆ ಪಿನ್ನು ತುಕ್ಕು ಹಿಡಿದು, ಅದರ ಸುತ್ತ ಕಾಗದ ಕಂದಿ ಹರಿದಿದೆ. ಅಂಗಡಿಯವನು ಸೆಲ್ಲೋಟೇಪ್ ಹಚ್ಚಿ ಅಂದ. ಹಚ್ಚಲೋ ಬೇಡವೋ?

ರದ್ದಿಪ್ರಿಯ: ದಯವಿಟ್ಟು ಬೇಡ ಮಾರಾಯ್ರೇ! ಆ ಗೋಂದು ವರ್ಷ ಕಳೆದಂತೆ ಹಳದಿ ಕಲೆ ಬಿಡುತ್ತೆ, ಮತ್ತೆ ಹೋಗಲ್ಲ. ಪಿನ್ನು ಎಳೀಬೇಡಿ. ನಡುಪುಟ ತೆರೆದು, ಮಡಚಿದ ಎರಡೂ ಕಾಲನ್ನು ಮೊಂಡು ಚಾಕುವಿನಿಂದ ಮೆಲ್ಲಗೆ ಎಬ್ಬಿಸಿ, ಹೊರಗಿನಿಂದ ತೆಗೀರಿ. ಅದೇ ತೂತಲ್ಲಿ ಬಿಳಿ ಹತ್ತಿದಾರ ಹಾಕಿ ಸಡಿಲವಾಗಿ ಹೊಲೀರಿ.

ಮೈಸೂರಕ್ಕ: ಬೈಂಡಿಂಗಿಗಂತೂ ಕೊಡಲೇಬೇಡಿ. ನಮ್ಮಜ್ಜ ವರ್ಷದ ಸಂಚಿಕೆಗಳನ್ನೆಲ್ಲ ಕೊಟ್ಟಿದ್ದರು. ಆ ಪುಣ್ಯಾತ್ಮ ಮುಖಪುಟ ಕಿತ್ತೆಸೆದು, ಅಂಚನ್ನೂ ಕತ್ತರಿಸಿ ತಂದುಕೊಟ್ಟ. ಕಥೆ ಉಳೀತು, ಕಲಾವಿದ ವಪಾ ಬರೆದ ಮುಖಪುಟದ ಚಿತ್ರ ಹೋಯ್ತು.

ಧಾರವಾಡದ ಓದುಗ: ಅಯ್ಯೋ! ಹಾಗಾದ್ರೆ ದಾರವೇ ಸರಿ. ಲ್ಯಾಮಿನೇಷನ್?

ರದ್ದಿಪ್ರಿಯ: ಅದೂ ಬೇಡ. ಒಂದೊಂದನ್ನೇ ಕವರಿಗೆ ಹಾಕಿ, ಹಿಂದೆ ರಟ್ಟು ಕೊಟ್ಟು ಮಲಗಿಸಿಡಿ. ಮಳೆಗಾಲದಲ್ಲಿ ಆಗಾಗ ತೆಗೆದು ನೋಡ್ತಿರಿ, ಬಿಸಿಲಿಗೆ ಮಾತ್ರ ಇಡಬೇಡಿ.