ಹನ್ನೊಂದು ತಿಂಗಳು ಬಡ್ಡಿ ಕಟ್ಟಿದರೂ ಅಸಲು ಹಾಗೆಯೇ ಇದೆ: ಏನು ಮಾಡಬೇಕು?

ಪಿಂಪ್ರಿ ನಿವಾಸಿ:

ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆ. ಇಪ್ಪತ್ತು ವರ್ಷಗಳಿಂದ ಪುಣೆಯ ಪಿಂಪ್ರಿಯಲ್ಲಿದ್ದೇನೆ. ನನ್ನ ತಂಗಿಯ ಗಂಡ ಭೋಸರಿಯಲ್ಲಿ ಇಡ್ಲಿ-ವಡೆಯ ಗಾಡಿ ಇಟ್ಟುಕೊಂಡಿದ್ದಾರೆ. ಕಳೆದ ವರ್ಷ ತಂಗಿಗೆ ತುರ್ತಾಗಿ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಮುಂಗಡ ಕಟ್ಟಿದರೆ ಮಾತ್ರ ದಾಖಲು ಮಾಡಿಕೊಳ್ಳುತ್ತೇವೆಂದು ಆಸ್ಪತ್ರೆಯವರು ಹೇಳಿದ್ದರಿಂದ, ಭಾವ ಆ ರಾತ್ರಿಯೇ ಪರಿಚಯದ ಸಾವಕಾರರೊಬ್ಬರ ಬಳಿ ‘ದಹಾ ಟಕ್ಕೆ’ಗೆ, ಅಂದರೆ ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿಗೆ, 1 ಲಕ್ಷ ರೂಪಾಯಿ ತಂದರು. ಮೊದಲ ತಿಂಗಳ ಬಡ್ಡಿಯನ್ನು ಮುರಿದುಕೊಂಡು ಕೈಗೆ ಕೊಟ್ಟದ್ದು 90,000. ಅದಾದ ಮೇಲೆ ಹನ್ನೊಂದು ತಿಂಗಳು ತಪ್ಪದೆ ಹತ್ತು ಹತ್ತು ಸಾವಿರ ಹೋಗಿದೆ. ಅಸಲು ಎಷ್ಟಿದೆ ಎಂದು ಕೇಳಿದರೆ, 1 ಲಕ್ಷವೇ ಇದೆ ಎನ್ನುತ್ತಾರೆ.

ಸಹಿ ಮಾಡಿದ ಎರಡು ಖಾಲಿ ಚೆಕ್ಕುಗಳು ಮತ್ತು ಒಂದು ಬಾಂಡ್ ಪೇಪರ್ ಸಾವಕಾರರ ಬಳಿ ಇವೆ. ಎಟಿಎಂ ಕಾರ್ಡನ್ನೂ ಅವರೇ ಇಟ್ಟುಕೊಂಡಿದ್ದಾರೆ. ಭಾವನೇ ಅದರ ಹಿಂಬದಿಯಲ್ಲಿ ಪಿನ್ ಬರೆದ ಚೀಟಿಯನ್ನು ಸೆಲ್ಲೋಟೇಪಿನಿಂದ ಅಂಟಿಸಿ ಕೊಟ್ಟಿದ್ದಾರಂತೆ. ಗಾಡಿಯ ಮೇಲೆ ಅಂಟಿಸಿರುವ ಕ್ಯೂಆರ್ ಕೋಡ್ ಆ ಖಾತೆಯದೇ ಆದ್ದರಿಂದ, ಗಿರಾಕಿಗಳು ಕೊಡುವ ನಲವತ್ತು, ಐವತ್ತು ರೂಪಾಯಿಗಳು ಅದರಲ್ಲಿಯೇ ಕೂಡುತ್ತವೆ; ಪ್ರತಿ ತಿಂಗಳ ಹತ್ತನೆಯ ತಾರೀಕು ಸಾವಕಾರರ ಕಡೆಯವರು ತಾವೇ ಹೋಗಿ ತೆಗೆದುಕೊಳ್ಳುತ್ತಾರೆ. ಈ ತಿಂಗಳು ಮಳೆಯಿಂದ ವ್ಯಾಪಾರವಿಲ್ಲ. ಮೊಬೈಲಿನಲ್ಲಿ ಐದೇ ನಿಮಿಷಕ್ಕೆ ಸಾಲ ಕೊಡುವ ಆ್ಯಪ್ ಒಂದಿದೆ, ಅದರಿಂದ ತೆಗೆದು ಈ ಸಲದ ಬಡ್ಡಿ ಕಟ್ಟುತ್ತೇನೆ ಎನ್ನುತ್ತಿದ್ದಾರೆ. ನನಗೆ ಭಯವಾಗುತ್ತಿದೆ. ತಿಳಿದವರು ದಾರಿ ಹೇಳಬೇಕೆಂದು ಕೋರುತ್ತೇನೆ.

ಘಾಟ್‌ಕೋಪರಿನ ಗೃಹಿಣಿ:

ಅಣ್ಣ, ದಯವಿಟ್ಟು ಇಂದೇ ಅವರನ್ನು ತಡೆಯಿರಿ. ನನ್ನ ಮೈದುನ ಇಂಥದೇ ಒಂದು ಆ್ಯಪ್‌ನಿಂದ ಸಾಲ ತೆಗೆದಿದ್ದ. ಮಂಜೂರಾದದ್ದು 5,000, ಶುಲ್ಕವೆಂದು ಹಿಡಿದುಕೊಂಡು ಖಾತೆಗೆ ಹಾಕಿದ್ದು 3,200, ಏಳನೆಯ ದಿನ ಹಿಂದಿರುಗಿಸಬೇಕಾದದ್ದು ಪೂರ್ತಿ 5,000. ಒಂದೇ ವಾರಕ್ಕೆ ನೂರಕ್ಕೆ 56 ರೂಪಾಯಿ ಬಡ್ಡಿ ಬಿದ್ದಂತಾಯಿತು. ಅದನ್ನು ತೀರಿಸಲು ಎರಡನೆಯ ಆ್ಯಪ್, ಎರಡನೆಯದನ್ನು ತೀರಿಸಲು ಮೂರನೆಯದು ಎಂದು ಎರಡು ತಿಂಗಳಲ್ಲಿ ಒಂಬತ್ತು ಆ್ಯಪ್‌ಗಳಾದವು. ಇನ್‌ಸ್ಟಾಲ್ ಮಾಡುವಾಗ ಕೇಳಿದ ಪ್ರತಿಯೊಂದು ಅನುಮತಿಗೂ ಅವನು ಒಪ್ಪಿಗೆ ಒತ್ತಿದ್ದರಿಂದ ಫೋನಿನಲ್ಲಿದ್ದ ಹೆಸರುಗಳೆಲ್ಲ ಅವರ ಕೈಸೇರಿದ್ದವು. ಒಂದು ದಿನ ಕಾರ್ಕಳದಲ್ಲಿರುವ ನಮ್ಮ ಅತ್ತೆಯ ಫೋನಿಗೆ, ಅವನ ಮುಖವನ್ನು ಅಸಹ್ಯವಾದ ಚಿತ್ರಕ್ಕೆ ಅಂಟಿಸಿ ‘ಕಳ್ಳ’ ಎಂದು ಬರೆದ ಸಂದೇಶ ಬಂತು. ಅತ್ತೆ ಎರಡು ದಿನ ಊಟ ಬಿಟ್ಟರು. ಅವನು ಲೋಕಲ್ ರೈಲಿನ ಹಳಿಯ ಕಡೆಗೆ ನೋಡುತ್ತಾ ನಿಲ್ಲುವುದನ್ನು ಕಂಡು ನಾವು ಒಬ್ಬನನ್ನೇ ಎಲ್ಲಿಗೂ ಕಳಿಸುತ್ತಿರಲಿಲ್ಲ.

ನಮಗೆ ತಡವಾಗಿ ತಿಳಿದದ್ದು ಇದು. ರಿಸರ್ವ್ ಬ್ಯಾಂಕಿನ ನಿಯಮದಂತೆ, ಸಾಲದ ಆ್ಯಪ್ ಫೋನಿನಲ್ಲಿರುವ ನಂಬರುಗಳನ್ನೂ ಕರೆಗಳ ವಿವರವನ್ನೂ ಮುಟ್ಟುವಂತಿಲ್ಲ. ಎಲ್ಲ ಶುಲ್ಕವನ್ನೂ ಸೇರಿಸಿದ ವಾರ್ಷಿಕ ದರವನ್ನು ಮೊದಲೇ ಬರಹದಲ್ಲಿ ತಿಳಿಸಬೇಕು. ಇದನ್ನು ಪಾಲಿಸದ ಆ್ಯಪ್‌ನ ಹಿಂದೆ ನೋಂದಾಯಿತ ಸಂಸ್ಥೆ ಇಲ್ಲದಿರುವ ಸಂಭವವೇ ಹೆಚ್ಚು. ನಾವು ಸ್ಕ್ರೀನ್‌ಶಾಟ್‌ಗಳನ್ನೆಲ್ಲ ಇಟ್ಟುಕೊಂಡು ಸೈಬರ್ ಅಪರಾಧದ 1930ಕ್ಕೆ ಕರೆ ಮಾಡಿ ದೂರು ಕೊಟ್ಟೆವು; ನೆಂಟರಿಗೆಲ್ಲ ನಾವೇ ಮೊದಲು ಫೋನ್ ಮಾಡಿ ನಡೆದದ್ದನ್ನು ಹೇಳಿದೆವು. ಮುಚ್ಚಿಡುವುದೇನೂ ಉಳಿಯಲಿಲ್ಲವಾದ ಮೇಲೆ ಬೆದರಿಕೆಗೆ ಬಲವಿರಲಿಲ್ಲ.

ನಿವೃತ್ತ ಪತಪೇಢಿ ನೌಕರ, ಮುಲುಂಡ್:

ನಾನು ಮೂವತ್ತು ವರ್ಷ ಒಂದು ಸಹಕಾರಿ ಪತಪೇಢಿಯಲ್ಲಿ, ಅಂದರೆ ಪತ್ತಿನ ಸಂಘದಲ್ಲಿ, ಸಾಲದ ವಿಭಾಗದಲ್ಲಿದ್ದವನು. ಸಹೋದರಿ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಸಾವಕಾರರ ವಿಷಯವನ್ನಷ್ಟೇ ಬರೆಯುತ್ತೇನೆ.

ಮಹಾರಾಷ್ಟ್ರದಲ್ಲಿ ಬಡ್ಡಿ ವ್ಯವಹಾರ ಮಾಡುವವರು 2014ರ ಲೇವಾದೇವಿ ನಿಯಂತ್ರಣ ಕಾಯ್ದೆಯಂತೆ ಪರವಾನಗಿ ಪಡೆದಿರಬೇಕು. ಇಲ್ಲದೆ ನಡೆಸಿದರೆ ಐದು ವರ್ಷದವರೆಗೆ ಸೆರೆವಾಸ, 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಪರವಾನಗಿ ಇದ್ದವರಿಗೂ, ರೈತರಲ್ಲದವರಿಗೆ ಅಡವಿಲ್ಲದೆ ಕೊಟ್ಟ ಸಾಲಕ್ಕೆ ಗೊತ್ತುಪಡಿಸಿದ ದರ ವರ್ಷಕ್ಕೆ ನೂರಕ್ಕೆ 18. ಅಂದರೆ ನಿಮ್ಮ ಭಾವನವರ ಸಾಲಕ್ಕೆ ತಿಂಗಳಿಗೆ 1,500 ರೂಪಾಯಿ ಆಗಬೇಕಿತ್ತು. ಅವರು ಕೊಟ್ಟದ್ದು 10,000. ಕೈಗೆ ಬಂದ 90,000ಕ್ಕೆ ಎದುರಾಗಿ ಅವರು ಈಗಾಗಲೇ 1,10,000 ಕಟ್ಟಿದ್ದಾರೆ ಎಂಬುದನ್ನು ಒಂದು ಕಾಗದದ ಮೇಲೆ ಬರೆದು ಅವರ ಕಣ್ಣಮುಂದೆ ಇಡಿ. ನನ್ನ ಮೇಜಿನ ಮುಂದೆ ಕುಳಿತ ಎಷ್ಟೋ ಜನ ಸಾಲಗಾರರು ತಾವು ಒಟ್ಟು ಎಷ್ಟು ಕೊಟ್ಟಿದ್ದೇವೆಂದು ಒಮ್ಮೆಯೂ ಕೂಡಿಸಿ ನೋಡಿರಲಿಲ್ಲ. ತಿಂಗಳ ಕಂತು ಹೊಂದಿಸುವುದರಲ್ಲಿಯೇ ಅವರ ಬುದ್ಧಿಯೆಲ್ಲ ಸವೆದುಹೋಗಿರುತ್ತಿತ್ತು.

ತಾಲ್ಲೂಕಿನ ಸಹಕಾರ ಸಂಘಗಳ ಸಹಾಯಕ ನಿಬಂಧಕರ (ಅಸಿಸ್ಟೆಂಟ್ ರಿಜಿಸ್ಟ್ರಾರ್) ಕಚೇರಿಗೆ ಲಿಖಿತ ದೂರು ಕೊಡಿ. ಲೇವಾದೇವಿಯ ಮೇಲ್ವಿಚಾರಣೆ ಅವರದೇ. ಸ್ಥಳಕ್ಕೆ ಹೋಗಿ ಕಾಗದಪತ್ರ ತಪಾಸಣೆ ಮಾಡುವ ಅಧಿಕಾರವೂ ಅವರಿಗಿದೆ. ಪರವಾನಗಿ ಇಲ್ಲದೆ ಕೊಟ್ಟ ಸಾಲದ ವಸೂಲಿಗೆ ದಾವೆ ಹೂಡಿದರೆ ನ್ಯಾಯಾಲಯ ಡಿಕ್ರಿ, ಅಂದರೆ ಹಣ ಕೊಡಿಸುವ ತೀರ್ಪು, ಕೊಡುವಂತಿಲ್ಲ. ಆದರೆ ಖಾಲಿ ಚೆಕ್ಕುಗಳ ವಿಷಯದಲ್ಲಿ ಎಚ್ಚರ ತಪ್ಪಬೇಡಿ. ಸಾವಕಾರರು ಮನಸ್ಸಿಗೆ ಬಂದ ಮೊತ್ತ ಬರೆದು ಬ್ಯಾಂಕಿಗೆ ಹಾಕಿ, ಅದು ಮರಳಿದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನಡಿ ಹಣ ಕೇಳಿ ನೋಟಿಸ್ ಕಳಿಸಬಹುದು. ನೋಟಿಸ್ ಕೈಗೆ ಬಂದ ಹದಿನೈದು ದಿನದೊಳಗೆ ವಕೀಲರ ಮೂಲಕ ಉತ್ತರ ಹೋಗಲೇಬೇಕು. ಹೆದರಿ ನೋಟಿಸನ್ನೇ ತೆಗೆದುಕೊಳ್ಳದೆ ತೊಂದರೆಗೆ ಸಿಕ್ಕವರನ್ನು ನಾನು ಕಂಡಿದ್ದೇನೆ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಂಗಿಯನ್ನು ಕರೆದುಕೊಂಡು ಹೋಗಿ ವಿಚಾರಿಸಿ; ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ವಿಷಯ ಸ್ವಲ್ಪ ಬೇರೆಯಾದರೂ ಒಂದು ಮಾತು ಸೇರಿಸುತ್ತೇನೆ. ಈ ರಾಜ್ಯದ ಧರ್ಮಾದಾಯ ಆಸ್ಪತ್ರೆಗಳು, ಅಂದರೆ ಧರ್ಮಾರ್ಥ ಟ್ರಸ್ಟುಗಳ ಆಸ್ಪತ್ರೆಗಳು, ನೂರಕ್ಕೆ 10 ಹಾಸಿಗೆಗಳನ್ನು ಕಡು ಬಡವರಿಗೆ ಉಚಿತವಾಗಿ, ಇನ್ನೂ 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ಅಲ್ಲಿನ ಸಮಾಜಸೇವಕರನ್ನು ವಿಚಾರಿಸಬಹುದೆಂದು ನಮ್ಮ ಜನರಿಗೆ ಆ ಹೊತ್ತಿನಲ್ಲಿ ಯಾರೂ ಹೇಳುವುದಿಲ್ಲ, ಅದೇ ನನ್ನ ಸಂಕಟ.

ಪಿಂಪ್ರಿ ನಿವಾಸಿ:

ಇಬ್ಬರಿಗೂ ಕೃತಜ್ಞ. ಆ್ಯಪ್ ತೆಗೆದುಹಾಕಿಸಿದೆ. ನಿನ್ನೆ ರಾತ್ರಿ ಗಾಡಿ ಮುಚ್ಚಿದ ಮೇಲೆ ಲೆಕ್ಕ ಬರೆಯಲು ಕುಳಿತೆವು. ರಸೀದಿ ಒಂದೂ ಇಲ್ಲ. ಆದರೆ ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಿದಾಗ, ಹನ್ನೊಂದರಲ್ಲಿ ಒಂಬತ್ತು ತಿಂಗಳು, ಹತ್ತನೆಯ ತಾರೀಕಿನಂದೇ ಸಾವಕಾರರ ಮನೆಯ ಬಳಿಯ ಒಂದೇ ಎಟಿಎಂನಿಂದ 10,000 ತೆಗೆದದ್ದು ಸಾಲಾಗಿ ಕಾಣಿಸಿತು. ಭಾವ ಅದನ್ನು ನೋಡುತ್ತಾ ಬಹಳ ಹೊತ್ತು ಮಾತಾಡಲಿಲ್ಲ. ಕಾರ್ಡನ್ನು ಈಗಲೇ ಬಂದ್ ಮಾಡಿಸಬಹುದೇ?

ನಿವೃತ್ತ ಪತಪೇಢಿ ನೌಕರ, ಮುಲುಂಡ್:

ಮಾಡಿಸಿ. ಮೊದಲು ಆ ಸ್ಟೇಟ್‌ಮೆಂಟಿಗೆ ಬ್ಯಾಂಕಿನ ಮೊಹರು ಹಾಕಿಸಿಕೊಳ್ಳಿ. ಅದೇ ದಿನ ಎರಡೂ ಚೆಕ್ಕಿನ ಸಂಖ್ಯೆ ಬರೆದು, ಅವು ಹೇಗೆ ಬೇರೆಯವರ ಕೈಸೇರಿದವು ಎಂಬುದನ್ನು ತಿಳಿಸಿ, ಪಾವತಿ ತಡೆಯಲು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಡೆ ಹಾಕಿದ ಮಾತ್ರಕ್ಕೆ 138ರ ನೋಟಿಸ್ ಬರುವುದಿಲ್ಲವೆಂದು ತಿಳಿಯಬೇಡಿ. ಆದರೂ ನೀವು ಯಾವ ದಿನ ಏನು ಹೇಳಿದ್ದಿರಿ ಎಂಬುದಕ್ಕೆ ಅದು ಸಾಕ್ಷಿಯಾಗುತ್ತದೆ. ಕಾರ್ಡ್ ನಿಂತ ತಿಂಗಳು ಅವರು ಗಾಡಿಯ ಹತ್ತಿರ ಬರುವುದು ಖಂಡಿತ, ಆದ್ದರಿಂದ ನಿಬಂಧಕರಿಗೆ ಕೊಟ್ಟ ದೂರಿನ ಒಂದು ಪ್ರತಿಯನ್ನು ಹತ್ತನೆಯ ತಾರೀಕಿಗೆ ಮುಂಚೆಯೇ ಭೋಸರಿ ಪೊಲೀಸ್ ಠಾಣೆಗೂ ಕೊಟ್ಟಿರಿ. ಆ ದಿನ ಸಾಧ್ಯವಾದರೆ ನೀವೂ ಗಾಡಿಯ ಬಳಿ ಇರಿ.