ಸಹಾಯ ಬೇಕು: ಅಪ್ಪ ಅಮ್ಮನಿಗೆ ಕೆರೆ ಹತ್ತಿರ ಬಾಡಿಗೆ ಮನೆ

ಎಲ್ಲರಿಗೂ ನಮಸ್ಕಾರ. ಅಪ್ಪ ಹೋದ ತಿಂಗಳು ನಿವೃತ್ತರಾದರು. ಬೆಂಗಳೂರಿನ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಅಥವಾ ಸಾರಕ್ಕಿ ಕೆರೆ ಸುತ್ತಮುತ್ತ ಎರಡು ಬೆಡ್‌ರೂಮಿನ ಮನೆ ಇದ್ದರೆ ದಯವಿಟ್ಟು ಹೇಳಿ, ಬಾಡಿಗೆ 30 ಸಾವಿರದೊಳಗೆ.

ಕಳೆದ ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಪುಟ್ಟೇನಹಳ್ಳಿಗೆ ಕರೆದುಕೊಂಡು ಹೋಗಿದ್ದೆ, ಬೆಳ್ಳಕ್ಕಿ, ನೀರುಕಾಗೆ, ನಾಮಕೋಳಿ ನೋಡುತ್ತಾ ಸುಮ್ನೆ ಕೂತ ಅಪ್ಪ ಬಿಸಿಲೇರಿದರೂ ಏಳಲೇ ಇಲ್ಲ, ನಮ್ಮೂರ ಕೆರೆ ಏರಿ ಮೇಲೆ ಕೂತ ಹಾಗಿದೆ ಅಂದರು. ಅವರ ಮುಖದಲ್ಲಿ ಅಷ್ಟು ನೆಮ್ಮದಿ ನೋಡಿ ವರ್ಷಗಳೇ ಆಗಿತ್ತು. ಹಾಳಾಗುತ್ತಿದ್ದ ಆ ಕೆರೆಯನ್ನು 2010ರಿಂದ ಅಕ್ಕಪಕ್ಕದ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ನೋಡಿಕೊಳ್ಳುತ್ತಿದ್ದಾರೆ, ಅಂಥ ಜನರ ಮಧ್ಯೆ ಇವರು ಇರಲಿ ಅಂತ ನನ್ನಾಸೆ.

ಭಯವೂ ಇದೆ. 2019ರಲ್ಲಿ ಹುಳಿಮಾವು ಕೆರೆ ಏರಿ ಒಡೆದು ಮನೆಗಳಿಗೆ ನೀರು ನುಗ್ಗಿತ್ತು, ಅಲ್ವಾ? ಪುಟ್ಟೇನಹಳ್ಳಿ, ಸಾರಕ್ಕಿ ಕಡೆ ವಾಸ ಇರುವವರು ಹೇಳಿ, ಮಳೆಗಾಲದಲ್ಲಿ ಯಾವ ರಸ್ತೆಯಲ್ಲಿ ನೀರು ನಿಲ್ಲುತ್ತದೆ, ಸೊಳ್ಳೆ ಜಾಸ್ತಿನಾ, ಕಾವೇರಿ ನೀರು ಬರುತ್ತಾ ಇಲ್ಲ ಟ್ಯಾಂಕರ್ರೇ ಗತಿನಾ? ಅಮ್ಮನಿಗೆ ಮಂಡಿ ನೋವು, ಹಾಗಾಗಿ ಲಿಫ್ಟ್ ಬೇಕೇ ಬೇಕು. ಬ್ರೋಕರ್ ಆದರೂ ಪರವಾಗಿಲ್ಲ, ಮೆಸೇಜ್ ಮಾಡಿ.